ಬಾರಿನಲ್ಲಿ ಕುಡಿದ ಅಂಬಲಿ

ಗೆಳೆಯರೇ, ಇವತ್ತು ಮಧ್ಯಾಹ್ನ ಗಜೇಂದ್ರಗಡದ ಬಾರಿನಲ್ಲಿ ಕರೆಂಟ್ ಇರಲಿಲ್ಲ. ಬೀರು ತಂಪಿಲ್ಲವೆಂದು ಮಾಲೀಕ ಶರಣಪ್ಪನ ಮೇಲೆ ರೇಗಿದೆ. ಹಡಗಿನಲ್ಲಿ ಅಡುಗೆ ಮಾಡುವ ಗೆಳೆಯ ಈರಣ್ಣ ರಜೆಗೆ ಬಂದಿದ್ದಾನೆ. ಅವನೇ ನನ್ನನ್ನು ತಡೆದ.

"ತಡೀಪಾ. ಇಂಗ್ಲೆಂಡಿನ್ಯಾಗ ಬೀರು ಕಟ್ಟಿಗಿ ಪೀಪಾಯಿದಾಗ ಇರತೈತಿ. ಭಾಳ ತಂಪ ಮಾಡಂಗಿಲ್ಲ. ಒಳಗ ಇನ್ನೂ ಹುಳಿ ಬರಕೋತ ಉಸರಾಡತಿರತೈತಿ. ಬೀರಿಗೆ ಹಾಕೋ ಕಹಿ ಹೂವಿನ ವಾಸನಿ ಬರತೈತಿ" ಎಂದು ಕಣ್ಣು ಮುಚ್ಚಿದ.

ಕಿಟಕಿಯ ಬಿಸಿಲಿನಲ್ಲಿ ಧೂಳು ತೇಲುತ್ತಿತ್ತು. ಎಲ್ಲೋ ದೂರದ ಪೀಪಾಯಿಯ ಉಸಿರು ಕೇಳಿಸಿಕೊಳ್ಳುತ್ತ ಮೂವರೂ ಕುಳಿತೆವು.

ಶರಣಪ್ಪ ಎದ್ದುಹೋಗಿ ಒಳಗಿನಿಂದ ತನ್ನ ಊಟದ ಗಡಿಗೆ ತಂದ. "ಉಸರಾಡೂದು ನಮ್ಮಲ್ಲೂ ಐತ್ರಿ. ನಮ್ಮ ಮನಿಯಾಕಿ ನಿನ್ನೆ ಹುಳಿ ಬರಾಕ ಇಟ್ಟ ಜೋಳದ ಅಂಬಲಿ. ಕಿವಿ ಹಚ್ಚಿ ಕೇಳ್ರಿ."

ಕೇಳಿದೆ. ಗಡಿಗೆ ಮೆಲ್ಲಗೆ ಗುಳುಗುಳು ಎನ್ನುತ್ತಿತ್ತು. ಬೀರು ಮೇಜಿನ ಮೇಲೆಯೇ ಉಳಿಯಿತು, ಗಡಿಗೆ ಖಾಲಿಯಾಯಿತು.

ಮನೆಗೆ ಬಂದಾಗ ಹೆಂಡತಿ ಬಾಯಿ ಮೂಸಿದಳು. ಬಾರಿಗೆ ಹೋಗಿದ್ದೆ ಎಂದು ಒಪ್ಪಿಕೊಂಡೆ.

"ಸುಳ್ಳ ಹೇಳಬ್ಯಾಡ್ರಿ. ಯಾರ ಮನಿ ಅಂಬಲಿ ಇದು?"

ಬೀರಿನ ವಾಸನೆಯಾಗಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. ಈಗ ಬಾರಿಗೇ ಹೋಗಿದ್ದೆ ಎನ್ನುವುದಕ್ಕೆ ಸಾಕ್ಷಿ ಕೇಳುತ್ತಿದ್ದಾಳೆ. ನನ್ನ ಸಾಕ್ಷಿಗಳಿಬ್ಬರೂ ಬಾರಿನಲ್ಲಿದ್ದಾರೆ.