ಬೇರು ತೊಳೆದು ತಂದ ಬಾಳೆ

ಗಂಗಾವತಿ ಬಿಟ್ಟ ಬಸ್ಸು ಕಂಪ್ಲಿ ಸೇತುವೆ ದಾಟಿದಾಗ ಬೆಳಿಗ್ಗೆ ಎಂಟೂವರೆ. ಮೇ ತಿಂಗಳ ಕೊನೆ, ನಾನು ಪಾಠ ಹೇಳುವ ಶಾಲೆಗೆ ರಜೆ, ಕೈಯಲ್ಲಿ ಖಾಲಿ ಗೋಣಿಚೀಲ. ತಂಗಿಯ ಮನೆಗೆ ಖಾಲಿ ಚೀಲ ಹಿಡಿದು ಹೋಗುವ ಅಕ್ಕ ಬಳ್ಳಾರಿ ಜಿಲ್ಲೆಗೆಲ್ಲ ನಾನೊಬ್ಬಳೇ ಇರಬೇಕು.

ತಂಗಿ ಗಿರಿಜಾ ಇರುವುದು ಹಂಪಿ ರಸ್ತೆಯ ಕಡ್ಡಿರಾಂಪುರದಲ್ಲಿ. ಮದುವೆಯಲ್ಲಿ ಅವ್ವ ಕೊಟ್ಟ ಎರಡು ಏಲಕ್ಕಿ ಬಾಳೆಯ ಮರಿಗಳಿಂದ ಅವಳ ಅರ್ಧ ಎಕರೆ ತೋಟ ಎದ್ದಿತ್ತು. ಈಗ ಅಷ್ಟೂ ಸೊರಗು ರೋಗ ಬಡಿದು ಒಣಗಿತ್ತು. ಅವ್ವ ತೀರಿಕೊಂಡಿದ್ದಾಳೆ. ಅದೇ ಬಾಳೆಯ ಇನ್ನೊಂದು ಬುಡ ಉಳಿದಿದ್ದರೆ ಅದು ಸಂಡೂರು ತಾಲೂಕಿನ ಬಂಡ್ರಿಯಲ್ಲಿ, ಚಿಕ್ಕವ್ವನ ಹಿತ್ತಲಲ್ಲಿ. ಚಿಕ್ಕವ್ವ ಚೊಚ್ಚಲ ಬಾಣಂತನ ನಮ್ಮ ಮನೆಯಲ್ಲಿ ಮುಗಿಸಿಕೊಂಡು ಹೋಗುವಾಗ ಅವ್ವ ಅವಳ ಮಡಿಲಿಗೆ ಹಾಕಿ ಕಳಿಸಿದ್ದು. ಅಲ್ಲಿ ರೋಗವಿಲ್ಲದ ಮರಿ ಸಿಕ್ಕರೆ ಸರಿ, ಇಲ್ಲದಿದ್ದರೆ ಅವ್ವನ ಬಾಳೆ ಮುಗಿದ ಹಾಗೆ.

ಕಂಪ್ಲಿಯಲ್ಲಿ ಸುಮ್ಮನೆ ಇಳಿದೆ, ಅವ್ವ ಹೋದ ಮೇಲೆ ಮಾರಿದ ತವರುಮನೆಯ ಹಿತ್ತಲನ್ನು ಒಮ್ಮೆ ಕಂಡು ಹೋಗೋಣವೆಂದು. ಅಲ್ಲಿ ಈಗ ಭತ್ತದ ಹೊಟ್ಟಿನ ರಾಶಿ. ಪಕ್ಕದ ಮನೆಯ ನಾಗಮ್ಮ ಗೋಡೆಯ ಮೇಲಿಂದ ಇಣುಕಿದಳು.

“ಬಾಳಿ ನೋಡಾಕ ಬಂದೇನವಾ? ಒಂದೂ ಉಳಿದಿಲ್ಲ. ನಿಮ್ಮವ್ವ ಇದ್ದಾಗನ ಎಲಿ ಜೋತು ಬೀಳಾಕ ಹತ್ತಿದ್ದವು. ಆಕಿಗೆ ಕಣ್ಣು ಮಂಜು, ಕಾಣಲಿಲ್ಲ.”

ನಾಲ್ಕು ವರ್ಷದ ಹಿಂದೆ ಇದೇ ಹಿತ್ತಲಿನಿಂದ ಇನ್ನೆರಡು ಮರಿಗಳನ್ನು ಗಿರಿಜಾಳಿಗೆ ಒಯ್ದು ಕೊಟ್ಟವಳು ನಾನೇ. ತವರಿನ ಗಿಡ ಬರೀ ಬೇರಿನಲ್ಲಿ ಹೋಗಬಾರದು, ತವರಿನ ಮಣ್ಣೂ ಜೊತೆಗಿರಬೇಕು ಎಂಬುದು ನಮ್ಮ ಮನೆತನದ ನೇಮ. ಅವ್ವ ಬುಡದ ಮಣ್ಣು ಉದುರದಂತೆ ಒದ್ದೆ ಗೋಣಿ ಸುತ್ತಿದ್ದಳು. ನಾನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದೆ.

ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡೆ. ಪೊಟ್ಟಣ ಬಿಚ್ಚದೆಯೇ ಬಸ್ಸು ಹತ್ತಿದೆ. ಐದು ರೂಪಾಯಿ ಟಿಕೆಟ್ಟಿಗೆ ಕಡ್ಡಿರಾಂಪುರ ಬಂತು.

ತೋಟದ ಬಾಯಲ್ಲಿ ಸುಣ್ಣದ ನೀರು ತುಂಬಿದ ಒಂದು ತೊಟ್ಟಿ. ಗಿರಿಜಾ ನನ್ನನ್ನು ಅಲ್ಲೇ ತಡೆದಳು.

“ಚಪ್ಪಲಿ ಬಿಡು, ಕಾಲು ಅದ್ದು. ಕಾಲಿನ ಮಣ್ಣಾಗ ರೋಗ ತಿರಗತೈತಿ. ಮಂತ್ರಿ ಬಂದ್ರೂ ಅಷ್ಟ.”

“ಅಯ್ಯ, ನಿನ್ನ ಮಡಿ ಹೆಚ್ಚಾತು ಬಿಡಲೇ,” ಎಂದು ನಕ್ಕೆ. ನಗು ನನಗೇ ಸುಳ್ಳೆನಿಸಿತು.

ಅವಳ ಗಂಡ ವೀರೇಶ ತೋಟ ತೋರಿಸಿದ. ಎಲೆಗಳೆಲ್ಲ ಹಳದಿಯಾಗಿ ಮುರಿದು ದಿಂಡಿನ ಸುತ್ತ ಲಂಗದ ಹಾಗೆ ಇಳಿಬಿದ್ದಿದ್ದವು. ಒಂದು ಗಡ್ಡೆ ಕೊಯ್ದ. ಒಳಗೆ ಕೆಂಪು-ಕಪ್ಪು ಚುಕ್ಕೆ. “ಇದು ಮಣ್ಣಾಗ ಕುಂತು ಬಿಡತೈತ್ರಿ ಅಕ್ಕಾರ. ಔಷಧಕ್ಕ ಬಗ್ಗಂಗಿಲ್ಲ. ಎಲ್ಲಾ ಕಿತ್ತು ಸುಟ್ಟು, ಇಲ್ಲಿ ಭತ್ತ ಹಾಕತೇನಿ. ನೀರು ನಿಂತ್ರ ರೋಗದ ಜೋರು ಕಮ್ಮಿ ಆಕ್ಕೈತಂತ. ಬಾಳಿ ಹಚ್ಚಾಕ ಮನಿ ಹಿಂದ ಹೊಸ ಜಾಗ ಐತಿ.” ಅಲ್ಲಿಗೆಂದು ಬೇವಿನ ಹಿಂಡಿ, ಬೇರಿನ ರೋಗ ತಡೆಯುವ ಟ್ರೈಕೋಡರ್ಮಾ ಪುಡಿ, ಕೊಟ್ಟಿಗೆ ಗೊಬ್ಬರ ಬೆರೆಸಿ ನೆರಳಲ್ಲಿ ಗುಡ್ಡೆ ಹಾಕಿ, ಮೇಲೆ ಒದ್ದೆ ಗೋಣಿ ಹೊದಿಸಿದ್ದ.

“ಮೊದಲು ಒಣಗಿದ್ದು ಯಾವ ಕಡೆ?” ಎಂದೆ.

“ಬಾವಿ ಮೂಲಿ.”

“ಕಾಲುವಿ ನೀರಾಗ ಬಂದಿದ್ದದು,” ಎಂದು ಗಿರಿಜಾ ನಡುವೆಯೇ ಹೇಳಿ ಊಟಕ್ಕೆ ಕರೆದಳು. ಬಾವಿ ಮೂಲೆಯಲ್ಲಿ ಆ ಎರಡು ಮರಿಗಳನ್ನು ನಾನೇ ಕೈಯಾರೆ ನೆಟ್ಟಿದ್ದೆ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯೆ ಮುಂದಿದ್ದವು. ನಾನು ತಲೆ ತಗ್ಗಿಸಿ ರೊಟ್ಟಿ ಮುರಿದೆ.

ಮರುದಿನ ಬೆಳಿಗ್ಗೆಯೇ ಸಂಡೂರಿನ ಬಸ್ಸು. ಒಂದು ತಾಸಿನ ದಾರಿಗೆ ಮೂರು ತಾಸು. ಮುಂದೆ ಅದಿರಿನ ಲಾರಿ, ಹಿಂದೆ ಅದಿರಿನ ಲಾರಿ, ನಡುವೆ ನಾವು. ರಸ್ತೆ ಬದಿಯ ಬೇವಿನ ಮರಗಳೂ ಕೆಂಪು, ಕಂಡಕ್ಟರನ ಹುಬ್ಬೂ ಕೆಂಪು. “ಚೀನಾಕ್ಕ ಹೊಂಟೈತ್ರಿ ನಮ್ಮ ಗುಡ್ಡ. ನಾವು ಸಂಡೂರಿಗೆ ಮುಟ್ಟಿದ್ರ ಸಾಕು,” ಎಂದ ಆತ. ಲಾರಿಯಿಂದ ಉದುರಿದ ಪುಡಿ ಚಕ್ರಕ್ಕೆ ಮೆತ್ತಿಕೊಂಡು ಊರೂರು ಸುತ್ತುವುದನ್ನು ನೋಡುತ್ತ ಕೂತೆ. ನನ್ನ ತೊಡೆಯ ಮೇಲಿನ ಆ ಒದ್ದೆ ಗೋಣಿಯೇ ಮತ್ತೆ ಮತ್ತೆ ನೆನಪಾಯಿತು.

ಸಂಡೂರಿನಿಂದ ಟೆಂಪೋ ಹಿಡಿದು ಬಂಡ್ರಿ ಮುಟ್ಟಿದಾಗ ಚಿಕ್ಕವ್ವ ಹಿತ್ತಲಲ್ಲಿ ಒದ್ದೆ ಬಟ್ಟೆಯಿಂದ ಬಾಳೆ ಎಲೆಗಳ ಧೂಳು ಒರೆಸುತ್ತಿದ್ದಳು. ದಿನಾ ಒರೆಸುತ್ತಾಳಂತೆ, ಮುಖ ತೊಳೆಸಿದ ಹಾಗೆ. ಬಚ್ಚಲ ನೀರು ಕುಡಿದ ಆ ಬುಡ ದಷ್ಟಪುಷ್ಟವಾಗಿ ನಿಂತಿತ್ತು. ಸುತ್ತ ಐದು ಮರಿ.

ಒಂದನ್ನು ಅಗೆದು ಗಡ್ಡೆಯ ಅಂಚು ಕೊಯ್ದೆ. ಒಳಗೆ ಬೆಳ್ಳಗೆ, ಕೊಬ್ಬರಿಯಂತೆ. ಇನ್ನೊಂದೂ ಬೆಳ್ಳಗೆ. ಉಳಿದ ಮೂರನ್ನೂ ಅಗೆದೆ, ಅವೂ ಬೆಳ್ಳಗೆ. ಸಂತೋಷಕ್ಕೆ ಚಿಕ್ಕವ್ವನನ್ನು ತಬ್ಬಿಕೊಂಡೆ.

ಆಕೆ ಆಗಲೇ ಬೊಗಸೆ ತುಂಬ ಮಣ್ಣು ತೆಗೆದು ಬೇರಿಗೆ ಮೆತ್ತತೊಡಗಿದ್ದಳು. “ಬ್ಯಾಡ ಚಿಕ್ಕವ್ವ. ಬೇರು ತೊಳಿಬೇಕು.”

“ಏ ಹುಚ್ಚಿ, ತವರ ಮಣ್ಣಿಲ್ದ ಗಿಡ ಕೊಡ್ತಾರೇನ?”

“ಮಣ್ಣು ಕೊಟ್ಟೇ ಹಾಳಾಗಿದ್ದು. ಗಿರಿಜಾನ ತೋಟ ಕೊಂದಾಕಿ ನಾನ, ಚಿಕ್ಕವ್ವ.” ಅಷ್ಟು ಹೇಳುವುದರಲ್ಲಿ ಅಳು ಬಂತು. ಎಲ್ಲ ಹೇಳಿದೆ.

ಚಿಕ್ಕವ್ವ ಮೆತ್ತಿದ ಮಣ್ಣನ್ನು ಬೇರಿನಿಂದ ಉದುರಿಸಿದಳು. ಆಮೇಲೆ ಬೋಗುಣಿಯಲ್ಲಿ ನೀರು ತಂದು, ಕಾಲು ಚಾಚಿ ಕೂತು, ಐದೂ ಮರಿಗಳನ್ನು ಒಂದೊಂದಾಗಿ ಕಾಲ ಮೇಲೆ ಮಲಗಿಸಿಕೊಂಡು ತೊಳೆದಳು. ಕೂಸಿದ್ದಾಗ ನನಗೂ ಗಿರಿಜಾಳಿಗೂ ಹಾಗೆಯೇ ಎರೆದ ಕೈ ಅದು. “ಇದಕ್ಕೂ ಎರದು ಕಳಸ್ತೀನಿ, ತಗೋ. ಮಣ್ಣು ನನ್ನ ಹಂತ್ಯಾಕ ಇರಲಿ,” ಎಂದಳು. ತೊಳೆದ ನೀರನ್ನು ತಾಯಿಗಿಡದ ಬುಡಕ್ಕೇ ಸುರಿದಳು.

ಮೂರನೆಯ ದಿನ ಮಧ್ಯಾಹ್ನ ಕಡ್ಡಿರಾಂಪುರದಲ್ಲಿ ಇಳಿದೆ. ವೀರೇಶ ಗಡ್ಡೆಗಳನ್ನು ಮೂಸಿ, ತಿರುಗಿಸಿ ನೋಡಿ, ಮನೆಯ ಹಿಂದಿನ ಹೊಸ ಜಾಗದಲ್ಲಿ ಗುಂಡಿಗೆ ಗೊಬ್ಬರ ಹಾಕಲು ಹೋದ. ನಾವಿಬ್ಬರೇ ಉಳಿದೆವು. ಸುಣ್ಣದ ತೊಟ್ಟಿಯಲ್ಲಿ ನನ್ನ ಕಾಲು ಮುಳುಗಿತ್ತು, ಮೇಲೆತ್ತಲು ಧೈರ್ಯವಿರಲಿಲ್ಲ.

“ಗಿರಿಜಾ, ಅದು ಕಾಲುವಿ ನೀರಲ್ಲ. ನಾ ತಂದ ಗಿಡದಿಂದ ಬಂದಿದ್ದು.”

“ಗೊತ್ತೈತಿ.”

“ಯಾವಾಗಿಂದ?”

“ಮೊದಲ ಎಲಿ ಬಿದ್ದಾಗಿಂದ. ಬಾವಿ ಮೂಲ್ಯಾಗ ಯಾರ ಗಿಡ ಇದ್ದವು ಅಂತ ನನಗ ಗೊತ್ತಿಲ್ಲೇನು? ನಮ್ಮ ಮನ್ಯಾವ್ರಿಗೂ ಹೇಳಿಲ್ಲ.”

“ನನಗರ ಹೇಳಬಾರದಿತ್ತೇನ?”

ಅವಳು ಬಗ್ಗಿ, ಸೆರಗಿನಿಂದ ನನ್ನ ಕಾಲು ಒರೆಸತೊಡಗಿದಳು. ಬೇಡವೆಂದರೂ ಬಿಡಲಿಲ್ಲ.

“ಹೇಳಿದ್ರ ನೀ ಮತ್ತ ನನ್ನ ಮನಿಗೆ ಏನೂ ತರ್ತಿದ್ದಿಲ್ಲ, ಅಕ್ಕ.”

ಸಂಜೆಯ ಬಸ್ಸಿಗೆ ಹೊರಟೆ. ಗಿರಿಜಾ ರಸ್ತೆಯವರೆಗೂ ಬಂದು ನಿಂತಿದ್ದಳು. ಅವಳ ಸೆರಗಿನ ಅಂಚು ಇನ್ನೂ ಒದ್ದೆಯಿತ್ತು.