ಓವರ್‌ಸಿಯರರು ನೋಡುತ್ತಿದ್ದ ಸಂದು

ಅಡ್ಡಬುದ್ಧಿ ನನ್ನದೇ ಎಂದು ಮೊದಲೇ ಒಪ್ಪಿಬಿಡುತ್ತೇನೆ. ಚಿತ್ತವಾಡ್ಗಿಯಲ್ಲಿ ನಮ್ಮ ಪಕ್ಕದ ಮನೆಗೆ ರಸ್ತೆ ಓವರ್‌ಸಿಯರರೊಬ್ಬರು ಬಂದಿದ್ದರು. ಕಿತ್ತುಹೋದ ಡಾಂಬರು ರಸ್ತೆಯ ಚೂರುಗಳನ್ನು ಜಗುಲಿಗೆ ತಂದು, ಮದ್ರಾಸಿನಿಂದ ತರಿಸಿದ ಸೂಕ್ಷ್ಮದರ್ಶಕಕ್ಕೆ ಒಂದು ಕಣ್ಣು ಮುಚ್ಚಿ ಬಾಗಿ, "ಕಲ್ಲಲ್ಲ, ಸಂದು ನೋಡ್ರಿ, ಸಂದು!" ಎನ್ನುತ್ತಿದ್ದರು. ಆ ಕಣ್ಣು, ಆ ದನಿ ಎರಡನ್ನೂ ಕದ್ದು ನಾನು ಓಣಿಯನ್ನೆಲ್ಲ ನಗಿಸುತ್ತಿದ್ದೆ. ನನ್ನ ಸ್ವಂತ ದನಿ ಯಾವುದೆಂದು ನನಗೇ ಮರೆತಿತ್ತು.

ನಮ್ಮ ದೊಡ್ಡವ್ವನ ಶೇಂಗಾ ಚಿಕ್ಕಿ ಕಂಪ್ಲಿ ಸಂತೆ ಮುಟ್ಟುವಷ್ಟರಲ್ಲಿ ಗಾಡಿಯಲ್ಲೇ ಪುಡಿಯಾಗುತ್ತಿತ್ತು. "ಇನ್ನೊಂದು ಸಂತಿ ಹಿಂಗಾದ್ರ ಒಲಿ ಆರಿಸಿಬಿಡ್ತೀನಿ" ಎಂದಿದ್ದಳು. ನಾನು ಪಾಕ ಕಾಯಿಸುವಾಗ ಬೆಲ್ಲ ಸೀದು ಕಪ್ಪಾಗಿದ್ದ ಚಿಕ್ಕಿಯ ಒಂದು ಚೂರನ್ನು, ಓವರ್‌ಸಿಯರರು ಒಳಗೆ ಹೋದಾಗ, ಸೂಕ್ಷ್ಮದರ್ಶಕದಡಿ ಡಾಂಬರಿನ ಜಾಗದಲ್ಲಿಟ್ಟೆ.

ಅವರು ಬಂದು ಬಹಳ ಹೊತ್ತು ನೋಡಿದರು. "ಸಂದು ಭಾಳ ಅದಾವ. ಸಣ್ಣ ನುಚ್ಚು ತುಂಬಿದ್ರ ಗಾಡಿ ಕುಲುಕಿದ್ರೂ ಒಡಿಯಂಗಿಲ್ಲ."

ಇದನ್ನು ಅವರ ದನಿಯಲ್ಲೇ ದೊಡ್ಡವ್ವನಿಗೆ ಹೇಳಿ ಬಿದ್ದು ಬಿದ್ದು ನಕ್ಕೆ. ಅವಳು ನಗಲಿಲ್ಲ, ಶೇಂಗಾ ನುಚ್ಚು ಬೆರೆಸಿದಳು. ಮುಂದಿನ ಸಂತೆಗೆ ಚಿಕ್ಕಿ ಇಡಿಯಾಗಿ ಹೋಯಿತು, ಬುಟ್ಟಿ ಬರಿದಾಗಿ ಬಂತು.

ತಟ್ಟೆ ತುಂಬ ಚಿಕ್ಕಿ ಒಯ್ದುಕೊಟ್ಟು ನಿಜ ಹೇಳಿದೆ: "ಸಾಹೇಬ್ರ, ಅವತ್ತು ನೀವು ನೋಡಿದ್ದು ಡಾಂಬರಲ್ರೀ, ಚಿಕ್ಕಿ!"

"ಗೊತ್ತೈತಿ ಬಿಡೋ ತಮ್ಮಾ. ಡಾಂಬರಿಗೆ ಇರುವಿ ಮುತ್ತಿದ್ದು ನಾ ಎಲ್ಲೂ ನೋಡಿಲ್ಲ."