ಬಂದ್ ಮತ್ತು ಬಂದೆ

ಮಾಲಕಿಣಬಾಯಿ ಪೂಜೆಯ ಪ್ರಸಾದವೆಂದು ಕೊಟ್ಟುಹೋದ ಬಾಳೆಹಣ್ಣುಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಮರೆತುಬಿಟ್ಟಿದ್ದೆ. ನಾನು ಕಲಿಸುವ ಸಾಲೆಯಲ್ಲಿ ಪರೀಕ್ಷೆಯ ಗಡಿಬಿಡಿ. ಈ ಸಂಜೆ ಬೀಗ ತೆಗೆದು ಒಳಗೆ ಕಾಲಿಡುತ್ತಲೇ ಕೋಣೆಯ ತುಂಬ ಆ ವಾಸನೆ. ಹಣ್ಣಾಗುವುದೂ ಮುಗಿದು, ಕೊಳೆಯುವುದು ಇನ್ನೂ ಶುರುವಾಗದ ಬಾಳೆಯ ಸಿಹಿ ಘಾಟು. ನಿಮಗಾದರೆ ಇದರಿಂದ ದೇವರ ಮನೆಯೋ ಮದುವೆಯ ಉಗ್ರಾಣವೋ ನೆನಪಾದೀತು. ನನಗೆ ನೆನಪಾಗುವುದು ವಿಮಾನ. ಅಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಈ ವಾಸನೆ ಮೂಗಿಗೆ ಬಿದ್ದೊಡನೆ ನನ್ನ ಕಿವಿ ತಾನಾಗಿ ಏನನ್ನೋ ಕಾಯತೊಡಗುತ್ತದೆ.

ಬೆಳಗಾವಿ ಶಹಾಪುರದ ಈ ಬಾಡಿಗೆ ಕೋಣೆಯಲ್ಲಿ ಕೇಳಲು ಅಂಥದ್ದೇನೂ ಇಲ್ಲ. ಪಕ್ಕದ ಓಣಿಯಿಂದ ಕೈಮಗ್ಗದ ಸದ್ದು, ಅದು ನಿಂತರೆ ಮಾಲಕಿಣಬಾಯಿಯ ಮರಾಠಿ ಬೈಗಳು. ಆದರೂ ನಾನು ಕುರ್ಚಿಯ ತುದಿಯಲ್ಲಿ ಕುಳಿತು, ಹಣ್ಣಿನ ಕಡೆಗೆ ನೋಡದೆ, ಕಾಯುತ್ತಿದ್ದೆ. ಯಾಕೆಂದು ತಿಳಿಯಬೇಕಾದರೆ ನೀವು ನನ್ನ ಜೊತೆ ಖಾನಾಪುರದವರೆಗೆ ಬರಬೇಕು.

ಅಲ್ಲಿ ನನ್ನ ತಂದೆಯ ತಮ್ಮ ಮಲ್ಲಪ್ಪ ಕಾಕಾನ ಮನೆ. ಕಾಕಾ ಕಟ್ಟಿಗೆಯ ಕೆಲಸದ ಮಿಸ್ತ್ರಿ. ಮಹಾಯುದ್ಧದ ಕಾಲದಲ್ಲಿ ಹೆಚ್ಚು ಪಗಾರದ ಆಸೆಗೆ ಸಮುದ್ರದಾಚೆಯ ಬಸರಾಕ್ಕೆ ಹೋದವನನ್ನು ಅಲ್ಲಿ ದಂಡಿನವರ ವಿಮಾನ ದುರಸ್ತಿಯ ಛಾವಣಿಗೆ ಹಾಕಿದರು. ವಿಮಾನವೆಂದರೆ ಉಕ್ಕಿನ ಹಕ್ಕಿಯೆಂದು ನಾನು ತಿಳಿದಿದ್ದೆ. ಹಾಗೆಂದು ಹೇಳಿದಾಗ ಕಾಕಾ ನಕ್ಕಿದ್ದ. "ಅದರಾಗ ಉಕ್ಕ ಎಲ್ಲೈತಿ ತಂಗಿ? ನಿನ್ನ ತೊಟ್ಟಲಾ ಅದಕ್ಕಿಂತ ಗಟ್ಟಿ ಇತ್ತು. ಕಟಗಿ, ಅರಬಿ, ತಂತಿ. ಮುಂದೊಂದು ಪಂಖಾ. ಅಷ್ಟ."

ಕಟ್ಟಿಗೆಯ ಹಂದರಕ್ಕೆ ಅರಿವೆ ಹೊಲಿದು, ಅದರ ಮೇಲೆ ಒಂದು ಔಷಧ ಬಳಿಯುತ್ತಿದ್ದರಂತೆ. ಒಣಗಿದರೆ ಅರಿವೆ ಬಾರಿಸುವ ಹಲಗೆಯ ಚರ್ಮದಂತೆ ಬಿಗಿಯುತ್ತಿತ್ತು. ಆ ಔಷಧಕ್ಕೆ ಥೇಟು ಕಳಿತ ಬಾಳೆಹಣ್ಣಿನ ವಾಸನೆ. "ಹೊಸಬ್ರು ಬಂದ್ರ ಮೂಗ ಅರಳಿಸಿ ಹಣ್ಣ ಹುಡುಕ್ತಿದ್ರು. ಸಂಜಿಮುಂದ ಅವರನ್ನ ಹೊತ್ಕೊಂಡ ಹೊರಗ ಹಾಕ್ತಿದ್ವಿ. ತಲಿ ತಿರಗಿ ಬಿದ್ದಿರ್ತಿದ್ರು." ರೆಕ್ಕೆಗಳ ನಡುವಿನ ತಂತಿಗಳನ್ನು ಬೆರಳಿಂದ ಮೀಟಿ, ಕಿವಿಗೊಟ್ಟು, ಸರಿಯಾಗಿ ಬಿಗಿದಿವೆಯೇ ಎಂದು ತಿಳಿಯುವುದು ಅವನ ಇನ್ನೊಂದು ಕೆಲಸ. ಖಾನಾಪುರಕ್ಕೆ ಮರಳಿದ ಮೇಲೂ ಆ ಚಟ ಬಿಡಲಿಲ್ಲ. ಅರಿವೆ ಒಣಹಾಕುವ ತಂತಿಯ ಕೆಳಗೆ ಹಾಯುವಾಗ ತಪ್ಪದೆ ಒಮ್ಮೆ ಮೀಟುವನು. ಗಾಳಿಯಿಲ್ಲದ ಮಧ್ಯಾಹ್ನಗಳಲ್ಲಿ ಆ ತಂತಿ ಅವನು ಹೋದ ಎಷ್ಟೋ ಹೊತ್ತಿನ ಮೇಲೂ ಸಣ್ಣಗೆ ಗುಂಯ್‌ಗುಡುತ್ತಿತ್ತು. ನನ್ನ ಒದ್ದೆ ಲಂಗ ಅದರ ಮೇಲೆ ನಡುಗುವುದನ್ನು ನೋಡಿ ನಾನು ಒಣಗುವ ಮೊದಲೇ ತೆಗೆದುಕೊಂಡು ಓಡುತ್ತಿದ್ದೆ.

ಆ ಮನೆಯಲ್ಲಿ ಎರಡು ಕಟ್ಟಳೆಗಳಿದ್ದವು. ಒಂದು, ಬಾಳೆಹಣ್ಣು ಹೊಸ್ತಿಲು ದಾಟುವಂತಿಲ್ಲ. ಇನ್ನೊಂದು, ಕರೆದವರಿಗೆ ಯಾರೂ "ಬಂದೆ" ಎನ್ನುವಂತಿಲ್ಲ. "ಓ" ಎನ್ನಬೇಕು, ಇಲ್ಲವೆ ಎದ್ದು ಹೋಗಬೇಕು.

ಹೊತ್ತು ಮುಳುಗುವಾಗ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲ ಕರೆಗೆ ಓಗೊಡಬಾರದೆಂದು ನಿಮ್ಮ ಮನೆಯಲ್ಲೂ ಹೇಳಿರಬೇಕು. ಮನುಷ್ಯರಾದರೆ ಮತ್ತೆ ಕರೆಯುತ್ತಾರೆ. ಇನ್ನೊಂದಕ್ಕೆ ಒಂದೇ ಕರೆ. ಕಾಕಾ ಇದನ್ನು ಹಗಲಿಗೂ ಹಚ್ಚಿದ್ದ, ಅಡಿಗೆಮನೆಗೂ ಹಚ್ಚಿದ್ದ. ಅವನ ಹೆಂಡತಿ ನೀಲವ್ವ ಕಾಕು ಊಟಕ್ಕೆ ಮೂರು ಸಲ ಕರೆಯಬೇಕು. "ರೀ." ಸುಮ್ಮನೆ. "ರೀ." ಸುಮ್ಮನೆ. "ರೀ, ರೊಟ್ಟಿ ಆರಿ ಹಪ್ಪಳ ಆದ್ವು." ಆಗ ಕಾಕಾ ಏಳುವನು. "ನನ್ನ ಅರ್ಧಾ ಸಂಸಾರ ಕರಿಯೂದರಾಗ ಹೋತು ನೋಡ ತಂಗಿ," ಎಂದು ಕಾಕು ನಗುತ್ತಿದ್ದಳು. ನಗುವಾಗಲೂ ಅವಳ ಕಣ್ಣು ಗಂಡನ ಮೇಲೆಯೇ ಇರುತ್ತಿತ್ತು.

ಇದಕ್ಕಿಂತ ವಿಚಿತ್ರವಾದದ್ದು, ತಿರುಗುವ ಯಾವ ವಸ್ತುವನ್ನು ಮುಟ್ಟಬೇಕಾದರೂ, ಅದು ಬಾವಿಯ ರಾಟೆಯಿರಲಿ, ಚಕ್ಕಡಿಯ ಗಾಲಿಯಿರಲಿ, ಕಾಕಾ ಅದರ ಮುಂದೆ ನಿಂತು "ಬಂದ್?" ಎಂದು ಕೇಳುತ್ತಿದ್ದ. ಕಾಕು ಎಲ್ಲಿದ್ದರೂ "ಮುಚ್ಚೇತಿ" ಎನ್ನಬೇಕು. ಆ ಮೇಲೆಯೇ ಅವನ ಕೈ ಮುಂದೆ ಬರುತ್ತಿದ್ದದ್ದು. ಅವನು ಬಳಸಿದ ಮಾತನ್ನೇ ತಿರುಗಿಸಿ ಹೇಳಲು ಕಾಕು ಒಪ್ಪಿರಲಿಲ್ಲ. "ಆ ಶಬ್ದ ಒಂದ ಜೀವಾ ತಿಂದೈತಿ," ಎಂದು ಅವಳೇ ನನಗೆ ಒಂದು ದಿನ ಶೇಂಗಾ ಸುಲಿಯುತ್ತ ಎಲ್ಲ ಹೇಳಿದಳು.

ವಿಮಾನ ಚಾಲೂ ಮಾಡಲು ಒಬ್ಬನು ಮುಂದೆ ನಿಂತು ಪಂಖವನ್ನು ಕೈಯಿಂದ ಎಳೆಯಬೇಕು. ಇನ್ನೊಬ್ಬನು ಮೇಲೆ ಕುಳಿತು ಸ್ವಿಚ್ಚು ನೋಡಿಕೊಳ್ಳಬೇಕು. ಮೊದಲು ಎಂಜಿನ್ನಿಗೆ ಪೆಟ್ರೋಲು ತುಂಬಲು ಪಂಖವನ್ನು ಸುಮ್ಮನೆ ತಿರುಗಿಸುತ್ತಾರೆ. ಆಗ ಸ್ವಿಚ್ಚು ಮುಚ್ಚಿರಬೇಕು, ಇಲ್ಲದಿದ್ದರೆ ಎಂಜಿನ್ನು ತಟ್ಟನೆ ಎದ್ದು ಪಂಖ ಮುಂದಿದ್ದವನನ್ನು ಕೊಚ್ಚಿಹಾಕುತ್ತದೆ. ಅದಕ್ಕೇ ಕೆಳಗಿನವನು ಹಿಂದುಸ್ತಾನಿಯಲ್ಲಿ "ಬಂದ್?" ಎಂದು ಕೇಳಬೇಕು, ಮೇಲಿನವನು "ಬಂದ್" ಎನ್ನಬೇಕು. ಉತ್ತರ ಬಾರದೆ ಕೈ ಹಚ್ಚುವಂತಿಲ್ಲ. ಕಾಕಾನ ಜೋಡಿಯಾಗಿದ್ದವನು ಕಾಕತಿ ಊರಿನ ಯಲ್ಲಪ್ಪ. ಆ ಛಾವಣಿಯಲ್ಲಿ ಕನ್ನಡ ಬಲ್ಲವರು ಅವರಿಬ್ಬರೇ.

ಆ ದಿನ ಕಾಕಾ ಮೇಲೆ ಕುಳಿತಿದ್ದ, ಯಲ್ಲಪ್ಪ ಪಂಖದ ಮುಂದೆ. ಸ್ವಿಚ್ಚು ಇನ್ನೂ ತೆರೆದಿತ್ತು. ಕಾಕಾ ಅದನ್ನು ಕೆಳಗಿಳಿಸಲು ಕೈ ಚಾಚಿದ್ದ. ಆಗ ಬೆನ್ನ ಹಿಂದಿನ ಬಯಲಿನಿಂದ ಯಾರೋ ಕರೆದರು: "ಮಲ್ಲ್ಯಾ."

ಅವನನ್ನು ಮಲ್ಲ್ಯಾ ಎನ್ನುತ್ತಿದ್ದವಳು ಲೋಕದಲ್ಲಿ ಒಬ್ಬಳೇ, ಅವನ ತಾಯಿ, ನನ್ನ ಅಜ್ಜಿ. ಹುಟ್ಟಿದಾಗಿನಿಂದ ರೂಢಿಯಾದ ಉತ್ತರ ಬಾಯಿಂದ ಜಾರಿತು: "ಬಂದೆ." ಅದೇ ಗಳಿಗೆಯಲ್ಲಿ ಯಲ್ಲಪ್ಪ "ಬಂದ್?" ಎಂದು ಕೇಳಿದ್ದ. ಅವನಿಗೆ ಉತ್ತರ ಸಿಕ್ಕಿತು. ಎಳೆದ.

ಊರೂರಿಗೆ ಹಬ್ಬಿದ ಮಾನಮೋಡಿ ಜ್ವರದಲ್ಲಿ ಅಜ್ಜಿ ಅದೇ ದಿನ ತೀರಿಕೊಂಡಿದ್ದ ಸುದ್ದಿ ಕಾಕಾನಿಗೆ ಮುಟ್ಟಿದ್ದು ಎಷ್ಟೋ ವಾರಗಳ ಮೇಲೆ.

"ಅತ್ತಿ ಒಮ್ಮೆ ಕರದಾರ," ಎಂದಳು ಕಾಕು, ಸಿಪ್ಪೆ ಊದುತ್ತ. "ಮತ್ತೊಮ್ಮೆ ಕರದ್ರ ಇವರು ಹೋಗಿಬಿಡ್ತಾರ. ತಾಯಿ ಕರದ್ರ ಯಾರ ನಿಲ್ತಾರ? ಅದಕ್ಕ ಅವರನ್ನ ಕಾಯೂದ ನನ್ನ ಕೆಲಸ ಆಗೈತಿ."

ನಾನಾಗ ಪುಣೆಯ ಕಾಲೇಜಿನಲ್ಲಿ ತರ್ಕಶಾಸ್ತ್ರವನ್ನು ಹೊಸದಾಗಿ ಓದುತ್ತಿದ್ದವಳು. ಸುಮ್ಮನಿರಲಾದೀತೆ? ದಣಿದ ಮನಸ್ಸು ದೂರದ ಸದ್ದಿಗೆ ಪರಿಚಿತ ದನಿಯನ್ನು ತೊಡಿಸುತ್ತದೆ, ಸಾವಿಗೂ ಕರೆಗೂ ಕಾರ್ಯಕಾರಣ ಸಂಬಂಧವಿಲ್ಲ, ಇತ್ಯಾದಿ. ಕಾಕು ತಾಳ್ಮೆಯಿಂದ ಕೇಳಿ, "ಶೇಂಗಾ ಸುಲಿಯೂದು ಬಿಟ್ಟಿ ನೋಡ," ಎಂದಳು.

ಬಿ.ಎ. ಕೊನೆಯ ವರ್ಷ ಡಿಸೆಂಬರಿನ ನಾತಾಳ ಸೂಟಿಗೆ ನಾನು ಖಾನಾಪುರದಲ್ಲಿದ್ದಾಗ ಊರಾಚೆಯ ಕೊಯ್ದ ಭತ್ತದ ಗದ್ದೆಯಲ್ಲಿ ಒಂದು ವಿಮಾನ ಇಳಿಯಿತು. ಎಂಜಿನ್ನು ಕೆಮ್ಮಿ ನಿಂತುಹೋಗಿತ್ತಂತೆ. ಒಬ್ಬನೇ ಸಾಹೇಬ. ಮಾಮಲೇದಾರರ ಪಟ್ಟೇವಾಲಾ ನಮ್ಮ ಬಾಗಿಲಿಗೆ ಬಂದು "ಮಲ್ಲಪ್ಪಾ" ಎಂದು ಕೂಗಿದ, ಯಾರೂ ಓಗೊಡದ್ದನ್ನು ಕಂಡು, "ಮನಿಮಂದೆಲ್ಲಾ ಕಿವುಡಾಗ್ಯಾರೇನ?" ಎಂದ. ಮೂರನೆಯದಕ್ಕೆ ಕಾಕಾ ಹೊರಗೆ ಬಂದ. ವಿಮಾನ ದುರಸ್ತಿಗೆ ಬರಬೇಕೆಂದು ಸಾಹೇಬನ ಕರೆ. ಕಾಕಾ ಒಳಗೆ ತಿರುಗಿ, "ನೀಲಾ, ನೀನೂ ಬಾ," ಎಂದ. ನನ್ನನ್ನು ಯಾರೂ ಕರೆಯದೆಯೇ ನಾನೂ ಹೊರಟೆ.

ಗದ್ದೆಯ ಸುತ್ತ ಜನ ಬೇಲಿ ಕಟ್ಟಿದಂತೆ ನಿಂತಿದ್ದರು. ಕಾಕಾ ವಿಮಾನದ ಸುತ್ತ ಒಂದು ಸುತ್ತು ಬಂದು, ತಂತಿಗಳನ್ನು ಒಂದೊಂದಾಗಿ ಮೀಟಿದ. ಪೆಟ್ರೋಲಿನ ನಳಿಗೆಯಲ್ಲಿ ಕಸ ಸಿಕ್ಕಿತ್ತು. ಬಿಚ್ಚಿ ಊದಿ ಕೂಡಿಸಿದ. ಇಳಿಯುವಾಗ ಬದುವಿನ ಮುಳ್ಳು ತಾಗಿ ಕೆಳಗಿನ ರೆಕ್ಕೆ ಗೇಣುದ್ದ ಹರಿದಿತ್ತು. ಅದನ್ನು ಕಾಕು ಹೊಲಿದಳು. ಸಾಹೇಬ ಪೆಟ್ಟಿಗೆಯಿಂದ ಒಂದು ಸಣ್ಣ ಡಬ್ಬಿ ತೆಗೆದುಕೊಟ್ಟ. ಕಾಕಾ ಮುಚ್ಚಳ ತೆಗೆದ. ಬರಿಯ ಕೂಳೆಯ ಆ ಬಯಲಿನಲ್ಲಿ, ಎಲ್ಲಿಯೂ ಒಂದು ಬಾಳೆಯ ಗಿಡವಿಲ್ಲದ ಕಡೆ, ಕಳಿತ ಹಣ್ಣಿನ ವಾಸನೆ ಎದ್ದಿತು. ಕಾಕಾ ಡಬ್ಬಿಯನ್ನು ಮೂಗಿನಿಂದ ದೂರ ಹಿಡಿದ. ಆದರೂ ಬಳಿದ. ಅರಿವೆ ಒಣಗುತ್ತ, ಯಾರೋ ಉಸಿರು ಬಿಗಿಹಿಡಿದಂತೆ, ನಮ್ಮ ಕಣ್ಣೆದುರೇ ಸೆಳೆದುಕೊಂಡಿತು.

ಆ ಮೇಲೆ ಕಾಕಾ ಹೆಂಡತಿಯನ್ನು ಸಾಹೇಬನ ಆಸನದ ಬಾಜು ನಿಲ್ಲಿಸಿದ. ಹೊರಮೈಗೇ ಇದ್ದ ಹಿತ್ತಾಳೆಯ ಸ್ವಿಚ್ಚನ್ನು ತೋರಿಸಿದ. "ಇದು ಕೆಳಗಿದ್ರ ಮುಚ್ಚೇತಿ. ಕಣ್ಣಾರೆ ನೋಡಿ ಹೇಳ. ಸೆರಗ ಬಿಗದ ಕಟ್ಟ." ಸಾಹೇಬ ನಕ್ಕ. ಈ ಹೆಂಗಸು ಹೇಳದೆ ನಾನು ಪಂಖ ಮುಟ್ಟುವುದಿಲ್ಲವೆಂದು ಕಾಕಾ ತನ್ನ ಹಿಂದುಸ್ತಾನಿಯಲ್ಲಿ ಹೇಳಿದ ಮೇಲೆ ಅವನ ನಗು ನಿಂತಿತು.

"ಬಂದ್?"

"ಮುಚ್ಚೇತಿ."

ಕಾಕಾ ಪಂಖವನ್ನು ಮೆಲ್ಲಗೆ ತಿರುಗಿಸಿದ. ಬಳಿಕ "ಕಾಂಟ್ಯಾಕ್ಟ್" ಎಂದ. ಸಾಹೇಬ ಅದನ್ನೇ ತಿರುಗಿ ಹೇಳಿ ಸ್ವಿಚ್ಚನ್ನು ಮೇಲೆತ್ತಿದ. ಇನ್ನು ಒಂದೇ ಎಳೆತ. ಎಳೆದೊಡನೆ ಪಕ್ಕಕ್ಕೆ ಹಾರಬೇಕು. ಕಾಕಾನ ಎರಡೂ ಕೈ ಪಂಖದ ಮೇಲಿದ್ದವು. ಜನ ಮಾತು ನಿಲ್ಲಿಸಿದ್ದರು.

ಆಗ ನನಗೆ ಕೇಳಿಸಿತು. ಗದ್ದೆಯ ಆಚೆ, ಜನರಿಲ್ಲದ ಕಡೆಯಿಂದ, ಮೂಗಿನಲ್ಲಿ ಎಳೆದು, ಕೊನೆಯ ಅಕ್ಷರವನ್ನು ಕೆಳಗೆ ಬಿಟ್ಟು, ನಾನು ಸಣ್ಣವಳಿದ್ದಾಗ ನನ್ನ ಅಜ್ಜಿ ಕರೆಯುತ್ತಿದ್ದ ಹಾಗೆಯೇ: "ಮಲ್ಲ್ಯಾ."

ಕಾಕಾನ ಮುಖ ಆ ಕಡೆಗೆ ಹೊರಳಿತು. ಕೈಗಳು ಮಾತ್ರ ಪಂಖದ ಮೇಲೆಯೇ ಇದ್ದವು, ಮೈಯ ಭಾರ ಆಗಲೇ ಎಳೆತಕ್ಕೆ ವಾಲಿತ್ತು. ತುಟಿ ತೆರೆಯಿತು.

"ಅತ್ತಿ," ಎಂದಳು ಕಾಕು. ಕೂಗಲಿಲ್ಲ. ಒಲೆಯ ಮುಂದೆ ಕುಳಿತು ಪಡಸಾಲೆಯಲ್ಲಿದ್ದ ಅತ್ತೆಗೆ ಹೇಳುತ್ತಿದ್ದ ದನಿ ಅದು. "ಅವರ ಕೈ ಖಾಲಿ ಇಲ್ರಿ. ಕೆಲಸದಾಗ ಅದಾರ."

ಕಾಕಾ ಬಾಯಿ ಮುಚ್ಚಿದ. ಎಳೆದ. ಪಕ್ಕಕ್ಕೆ ಹಾರಿದ. ಎಂಜಿನ್ನು ಆರ್ಭಟಿಸಿ, ಕೂಳೆಯ ಹುಲ್ಲೆಲ್ಲ ಹಿಂದಕ್ಕೆ ಬಾಗಿತು. ಮತ್ತೆ ಯಾರಾದರೂ ಕರೆದಿದ್ದರೂ ಕೇಳುವಂತಿರಲಿಲ್ಲ.

ಮರಳಿ ಬರುವಾಗ ಕಾಕಾ ಮುಂದೆ ನಡೆಯುತ್ತಿದ್ದ. ಕಾಕು ಹಿಂದಿನಿಂದ "ರೀ" ಎಂದಳು.

"ಓ," ಎಂದ ಕಾಕಾ, ಮೊದಲನೆಯ ಕರೆಗೇ. ಕಾಕುವಿಗೆ ತಾನೇಕೆ ಕರೆದೆನೆಂಬುದೇ ಮರೆತುಹೋಯಿತು. ಸೆರಗಿನ ಗಂಟು ಬಿಚ್ಚುತ್ತ ನಡೆದಳು.

ನಾನು ಅವಳ ಪಕ್ಕಕ್ಕೆ ಸರಿದು ಕೇಳಿದೆ: "ಕಾಕು, ಅಜ್ಜಿ ಎಲ್ಲಿಂದ ಕರದ್ಲು?"

ಅವಳು ನಿಂತಳು. "ನಂಗೇನೂ ಕೇಳಸಲಿಲ್ಲ ತಂಗಿ. ನಾ ಇವರ ಮಾರಿ ನೋಡಿದ್ನಿ. ಅತ್ತಿ ಕರದಾಗಿನ ಮಾರಿ ಅದು." ಆ ಮೇಲೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಮೆಲ್ಲಗೆ ಕೇಳಿದಳು: "ನಿಂಗ ಕೇಳಸ್ತೇನ?"

ನಾನು ಸರಸರನೆ ಮುಂದೆ ನಡೆದೆ. ತರ್ಕಶಾಸ್ತ್ರದ ಪರೀಕ್ಷೆಯಲ್ಲಿ ಮಾತ್ರ ಒಳ್ಳೆಯ ಅಂಕಗಳೇ ಬಂದವು.

ಕಾಕು ಹೋದ ಶ್ರಾವಣದಲ್ಲಿ ತೀರಿಕೊಂಡಳು. ಕಾಕಾ ಇದ್ದಾನೆ, ಈಗ ಯಾರು ಕರೆದರೂ ಒಂದೇ ಸಲಕ್ಕೆ "ಓ" ಎನ್ನುತ್ತಾನೆ, ಗಾಲಿಗಳನ್ನು ಕೇಳದೆ ಮುಟ್ಟುತ್ತಾನೆ. ಕಾಯುವ ಕೆಲಸ, ಯಾರೂ ಹೇಳದೆಯೇ, ನನ್ನ ಪಾಲಿಗೆ ಬಂದಿದೆ. ಬಾಳೆಹಣ್ಣನ್ನು ನಾನು ಕೊಳ್ಳುವುದಿಲ್ಲ. ಯಾರು ಕರೆದರೂ ಮೂರನೆಯ ಕರೆಯವರೆಗೆ ಏಳುವುದಿಲ್ಲ. ಸಾಲೆಯ ಹುಡುಗಿಯರು ನನ್ನನ್ನು ಗರ್ವಿಷ್ಠೆ ಎಂದುಕೊಂಡಿದ್ದಾರೆ.

ಹಾಗೆ ಇವತ್ತು ಕುರ್ಚಿಯ ತುದಿಯಲ್ಲಿ ಕುಳಿತಿದ್ದೆ. ಮಗ್ಗ ನಿಂತಿತು. ಬಾಗಿಲಿನ ಆಚೆ, ಮೆಟ್ಟಿಲ ಬಳಿ, ಶೇಂಗಾ ಸುಲಿಯಲು ಕರೆಯುವ ದನಿಯಲ್ಲಿ, "ತಂಗೀ," ಎಂದು ಕೇಳಿಸಿತು.

ಮಾಲಕಿಣಬಾಯಿ ನನ್ನನ್ನು ಮಾಸ್ತರೀಣಬಾಯಿ ಎನ್ನುತ್ತಾಳೆ. ಬೆಳಗಾವಿಯಲ್ಲಿ ನನ್ನನ್ನು ತಂಗಿ ಎನ್ನುವವರು ಯಾರೂ ಇಲ್ಲ. ಎದ್ದು ಓಡಬೇಕೆನ್ನಿಸಿತು. "ಬಂದೆ" ಎಂಬುದು ನಾಲಗೆಯ ತುದಿಗೆ ಬಂದಿತ್ತು.

ನಾನು ಮೇಜಿನ ಮೇಲಿದ್ದ ಪರೀಕ್ಷೆಯ ಕಾಗದಗಳ ಕಟ್ಟನ್ನು ಹತ್ತಿರ ಎಳೆದುಕೊಂಡೆ.

"ಕಾಕು," ಎಂದೆ, "ಕೈ ಖಾಲಿ ಇಲ್ಲವ್ವಾ. ಕೆಲಸದಾಗ ಅದೇನಿ."

ಮತ್ತೆ ಕರೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಮಗ್ಗದ ಸದ್ದು ಶುರುವಾಯಿತು. ನಾನು ಒಂದು ಹಣ್ಣನ್ನು ಸುಲಿದು ತಿಂದೆ. ತುಂಬ ಸಿಹಿಯಾಗಿತ್ತು.